ಅಪ್ಪನಿಗೆ ಹೇಳದೇ ಕಳೆದ ಹತ್ತು ದಿನ

ಅವತ್ತು ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ‘ಐದು ನಿಮಿಷ ಮಾತಾಡಬೇಕು’ ಎಂದು ಮ್ಯಾನೇಜರ್ ಮೆಸೇಜ್ ಹಾಕಿದರು. ಕಾಲ್‌ನಲ್ಲಿ ಎಚ್‌ಆರ್ ಹೆಸರೂ ಕಂಡಾಗಲೇ ಅರ್ಥವಾಯಿತು. ಪ್ರಾಜೆಕ್ಟ್ ಮುಚ್ಚುತ್ತಿದೆ, ತಿಂಗಳ 30 ಕೊನೆಯ ದಿನ, ಎರಡು ತಿಂಗಳ ಸಂಬಳ ಕೊಡುತ್ತೇವೆ ಎಂದರು. ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಲಾಕ್ ಆಯಿತು. ಪುಣೆಯ ಹಿಂಜೆವಾಡಿಯಲ್ಲಿ ನಾಲ್ಕು ವರ್ಷ ಮೂರು ತಿಂಗಳು ದುಡಿದಿದ್ದೆ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು, ಅದೂ ಸಿಗಲಿಲ್ಲ.

2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು ತೆಗೆಯುವುದಾಗಿ ಹೇಳಿದಾಗ ಆ ಸುದ್ದಿಯನ್ನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಓದಿದ್ದೆ. ಎಂ.ಟೆಕ್ ಇದೆ, ರೇಟಿಂಗ್ ಚೆನ್ನಾಗಿದೆ, ನನಗೇನೂ ಆಗದು ಎಂಬ ಧೈರ್ಯವಿತ್ತು. ಪ್ರಾಜೆಕ್ಟೇ ಇಲ್ಲದಾಗ ರೇಟಿಂಗ್ ಯಾರೂ ನೋಡುವುದಿಲ್ಲ.

ಹೆಂಡತಿಗೆ ಅಂದೇ ಹೇಳಿದೆ. ದಾವಣಗೆರೆಯಲ್ಲಿರುವ ಅಪ್ಪ-ಅಮ್ಮನಿಗೆ ಹೇಳಲಿಲ್ಲ. ಮುಂದಿನ ತಿಂಗಳು ಅಪ್ಪನ ಮಂಡಿ ಆಪರೇಷನ್ ಗೊತ್ತಾಗಿತ್ತು. ‘ಆಪರೇಷನ್ ಮುಗೀಲಿ, ಆಮೇಲೆ ಹೇಳೋಣ’ ಎಂದುಕೊಂಡೆ. ರಾತ್ರಿ ಫೋನಿನಲ್ಲಿ ‘ಆಫೀಸ್ ಹೆಂಗೈತಪ್ಪಾ?’ ಎಂದು ಕೇಳಿದರೆ ‘ಆರಾಮ್ ಐತಿ’ ಎನ್ನುತ್ತಿದ್ದೆ. ಹೀಗೆ ಹತ್ತು ದಿನ ಹೋಯಿತು.

ಹತ್ತನೇ ದಿನ ನನ್ನ ಜೊತೆಗೇ ಕೆಲಸ ಕಳೆದುಕೊಂಡ ಬೆಳಗಾವಿಯ ಗೆಳೆಯ ಕೇಳಿದ: ‘ಇನ್ಶೂರೆನ್ಸ್ ಯಾವಾಗ ನಿಲ್ತದ, ಕೇಳೀಯೇನು?’ ಕೇಳಿರಲಿಲ್ಲ. ಅಪ್ಪನ ಆಪರೇಷನ್ ನಡೆಯಬೇಕಿದ್ದದ್ದೇ ಆಫೀಸಿನ ಗುಂಪು ವಿಮೆಯಲ್ಲಿ. ಎಚ್‌ಆರ್‌ಗೆ ಮೇಲ್ ಮಾಡಿದೆ. 30ರವರೆಗೆ ಮಾತ್ರ ಎಂದು ಉತ್ತರ ಬಂತು. ಸುಳ್ಳನ್ನು ಮುಂದುವರಿಸಿದ್ದರೆ ಆಸ್ಪತ್ರೆಯ ಬಿಲ್ ಪೂರ್ತಿ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಆಪರೇಷನ್ ಹಿಂದಕ್ಕೆ ತರಬೇಕೆಂದರೆ ಅಪ್ಪನಿಗೆ ನಿಜ ಹೇಳಲೇಬೇಕು.

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಗಿರಣಿ ಮುಚ್ಚಿದಾಗ ನಾನೂ ಹದಿನೈದು ದಿನ ಬುತ್ತಿ ಕಟ್ಟಿಸ್ಕೊಂಡು ಹೊರಗ ಹೋಗ್ತಿದ್ದೆ. ನಿಮ್ಮಮ್ಮಗ ಮೂರನೇ ದಿನಕ್ಕ ಗೊತ್ತಾಗಿತ್ತು’ ಎಂದರು. ಹತ್ತಿ ಗಿರಣಿಯಲ್ಲಿದ್ದ ಅಪ್ಪ ಆಮೇಲೆ ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆದು ನಮ್ಮನ್ನು ಓದಿಸಿದರು. ಬುತ್ತಿಯ ವಿಷಯ ನನಗೆ ಗೊತ್ತಾದದ್ದು ಅವತ್ತೇ. 22ಕ್ಕೆ ಆಪರೇಷನ್ ಆಯಿತು, 26ಕ್ಕೆ ಮನೆಗೆ ಬಂದರು. ಬಿಲ್ಲಿನ ಬಹುಪಾಲು ವಿಮೆಯಲ್ಲೇ ಹೋಯಿತು.

ಊರು ಬಿಟ್ಟು ದುಡಿಯುವ ನಮ್ಮವರಿಗೆ ನಾನು ಕಲಿತ ನಾಲ್ಕು ಮಾತು ಹೇಳುತ್ತೇನೆ. ರಾಜೀನಾಮೆ ಪತ್ರ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ, ಓದಲು ಒಂದು ದಿನ ಕೇಳಿ. ಸಂಬಳದ ಸ್ಲಿಪ್, ಫಾರ್ಮ್ 16, ಆಫರ್ ಲೆಟರ್ ಈಗಲೇ ಸ್ವಂತ ಮೇಲ್‌ನಲ್ಲಿಟ್ಟುಕೊಳ್ಳಿ, ಲಾಕ್ ಆದ ಮೇಲೆ ಒಂದೊಂದಕ್ಕೂ ಬೇಡಬೇಕು. ವಿಮೆ ಯಾವ ದಿನದವರೆಗೆ ಎಂದು ಬರಹದಲ್ಲಿ ಕೇಳಿ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತದೆಯೇ ಎಂದು ಅವಧಿ ಮುಗಿಯುವ ಮೊದಲೇ ವಿಚಾರಿಸಿ. ಪಿಎಫ್‌ಗೆ ಆತುರದಲ್ಲಿ ಕೈ ಹಾಕಬೇಡಿ, ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಹೊಸ ಕೆಲಸದಲ್ಲೂ ಅದೇ ಯುಎಎನ್ ನಡೆಯುತ್ತದೆ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳುವವರು ಮೋಸಗಾರರು, ನನಗೇ ಇಬ್ಬರು ಗಂಟುಬಿದ್ದಿದ್ದರು.

ಐದು ತಿಂಗಳು ಕೆಲಸವಿರಲಿಲ್ಲ. ಕೂಡಿಟ್ಟ ಹಣದಲ್ಲಿ ಮೂರು ತಿಂಗಳು ಸಾಗಿತು, ಉಳಿದ ಎರಡು ತಿಂಗಳ ಮನೆ ಸಾಲದ ಕಂತು ಹೆಂಡತಿಯ ಸಂಬಳದಲ್ಲಿ ಹೋಯಿತು. ಕೊನೆಗೆ ಆ ಬೆಳಗಾವಿಯ ಗೆಳೆಯನೇ ತಾನು ಸೇರಿದ ಕಂಪನಿಯಲ್ಲಿ ನನ್ನ ಹೆಸರು ಹೇಳಿದ. ಸಂಬಳ ಮೊದಲಿಗಿಂತ ಕಡಿಮೆ. ಈ ಕೆಲಸವೂ ಎಷ್ಟು ದಿನವೋ ಗೊತ್ತಿಲ್ಲ. ಮೊದಲ ಸಂಬಳದಲ್ಲಿ ಅಪ್ಪ-ಅಮ್ಮನಿಗೆ ಆಫೀಸಿಗೆ ಸಂಬಂಧವಿಲ್ಲದ ಬೇರೆ ವಿಮೆ ಮಾಡಿಸಿದೆ.

ಅಪ್ಪ ಈಗಲೂ ರಾತ್ರಿ ‘ಆಫೀಸ್ ಹೆಂಗೈತಪ್ಪಾ?’ ಎಂದು ಕೇಳುತ್ತಾರೆ. ಹೇಗಿದೆಯೋ ಹಾಗೆ ಹೇಳುತ್ತೇನೆ.