ಆಟದ ರೈಲಿಗೆ ದನದ ಡಬ್ಬಿ

ನಮ್ಮ ಸನ್ನತಿ ಕಡೆಯವರಿಗೆ ರೈಲು ಅಂದರೆ ಮೊದಲು ನೆನಪಾಗುವುದು ವಾಡಿ ಜಂಕ್ಷನ್. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದ್ ಕಡೆಗೆ ನಿಜಾಮರ ರೈಲು ಓಡತೊಡಗಿತು. ಈಗ ಇಲ್ಲಿ ಸಿಮೆಂಟ್ ತುಂಬಿದ ಮುಚ್ಚಿದ ಡಬ್ಬಿ, ಕಲ್ಲಿದ್ದಲು ತುಂಬಿದ ತೆರೆದ ಡಬ್ಬಿ ಬೇಕಾದಷ್ಟು ಕಾಣುತ್ತವೆ. ದನದ ಡಬ್ಬಿ ಮಾತ್ರ ಅಪರೂಪ. ದನಗಳು ಲಾರಿ ಏರಿಬಿಟ್ಟಿವೆ.

ಹಾಗಾದರೆ ಮನೆಯ ಮೇಜಿನ ಮೇಲಿನ ಆಟದ ರೈಲಿಗೆ ದನದ ಡಬ್ಬಿಯನ್ನು ಹೇಗೆ ಆರಿಸಬೇಕು?

ಮೊದಲು ಅಳತೆ ನೋಡಿ, ಮಕ್ಕಳೇ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ‘ಎಚ್‌ಓ’ ಅಳತೆ. ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಎಂಜಿನ್ ಒಂದು ಅಳತೆ, ಡಬ್ಬಿ ಇನ್ನೊಂದು ಅಳತೆ ತಂದರೆ ಜೋಡಿ ಕೂಡುವುದಿಲ್ಲ.

ಆಮೇಲೆ ದೇಶ ನೋಡಿ. ಅಮೆರಿಕದ ದನದ ಡಬ್ಬಿಗೆ ಸುತ್ತಲೂ ಸಂದುಬಿಟ್ಟ ಹಲಗೆ ಇರುತ್ತದೆ, ಗಾಳಿಯಾಡಲಿ ಎಂದು. ಕುರಿ, ಹಂದಿಗಳಿಗೆ ಎರಡು ಅಂತಸ್ತಿನ ಡಬ್ಬಿಗಳೂ ಇದ್ದವು. ನಮ್ಮ ದೇಶದಲ್ಲಿ ಸಾಮಾನ್ಯ ಮುಚ್ಚಿದ ಗೂಡ್ಸ್ ಡಬ್ಬಿಯಲ್ಲೇ ದನ ಸಾಗಿಸಲು ನಿಯಮಗಳಿವೆ. ವಾಡಿ ಸ್ಟೇಷನ್ ಕಟ್ಟುವವರು ಮುಚ್ಚಿದ ಡಬ್ಬಿಯನ್ನೇ ಆರಿಸಲಿ.

ನನ್ನ ಮೊಮ್ಮಗ ಅಂಥದೊಂದು ಡಬ್ಬಿಯೊಳಗೆ ಪ್ಲಾಸ್ಟಿಕ್ ಆಕಳು ತುಂಬುತ್ತಿದ್ದ. "ಮುತ್ಯಾ, ಇಪ್ಪತ್ತು ಹಿಡಿದಾವ ನೋಡು!" ಅಂದ. "ಹಿಡೀತಾವ ಖರೆ. ಆದ್ರ ಅವು ಉಸಿರಾಡೋದು ಹ್ಯಾಂಗಪಾ?" ಅಂದೆ. ಅವನು ಸುಮ್ಮನಾದ. ಆಗ ಇಬ್ಬರೂ ಕೂತು 1978ರ ಪ್ರಾಣಿ ಸಾಗಾಟ ನಿಯಮಗಳನ್ನು ಓದಿದೆವು.

ಬ್ರಾಡ್‌ಗೇಜ್‌ನ ಸಾಮಾನ್ಯ ಡಬ್ಬಿಯಲ್ಲಿ 10 ದೊಡ್ಡ ದನ ಅಥವಾ 15 ಕರು, ಅಷ್ಟೇ. ಮೀಟರ್‌ಗೇಜ್ ಆದರೆ 6 ದನ ಅಥವಾ 10 ಕರು. ದನಗಳು ಹಳಿಯ ಉದ್ದಕ್ಕೆ, ಎದುರುಬದುರು ಮುಖ ಮಾಡಿ ನಿಲ್ಲಬೇಕು. ಕೆಳಗೆ ಕನಿಷ್ಠ 6 ಸೆಂಟಿಮೀಟರ್ ದಪ್ಪ ಹುಲ್ಲು ಹಾಸಬೇಕು. ಮೇವು ಡಬ್ಬಿಯ ನಡುವೆ ಇರಬೇಕು. ಜೊತೆಗೆ ಒಬ್ಬ ಆಳು ಬೇಕು. ಗಾಳಿಗೆ ಒಂದು ಬದಿಯ ಮೇಲಿನ ಬಾಗಿಲು ತೆರೆದಿರಬೇಕು, ಅದಕ್ಕೆ ತಂತಿಯ ಜಾಲರಿ ಇರಬೇಕು. ಜಾಲರಿ ಯಾಕೆ? ಎಂಜಿನ್ನಿನ ಕೆಂಡದ ಕಿಡಿ ಹಾರಿ ಹುಲ್ಲಿಗೆ ಬೆಂಕಿ ಹತ್ತಬಾರದು! ಹಿಂಡುವ ಆಕಳನ್ನು ದಿನಕ್ಕೆ ಎರಡು ಸಲವಾದರೂ ಹಿಂಡಬೇಕು. ದನದ ಡಬ್ಬಿಯನ್ನು ರೈಲಿನ ನಡುವೆ ಜೋಡಿಸಬೇಕು.

ಇಷ್ಟು ತಿಳಿದರೆ ದುಬಾರಿ ಡಬ್ಬಿಯೇ ಬೇಕೆಂದಿಲ್ಲ. ಅಜ್ಜ-ಅಜ್ಜಿಯರೇ, ಎಂಜಿನ್ ಮತ್ತು ಹಳಿಗೆ ದುಡ್ಡು ಹಾಕಿ, ಡಬ್ಬಿಯನ್ನು ರಟ್ಟಿನಲ್ಲಿ ಮಾಡಿಸಿ. ದನದ ಎದೆಗೆ ಆನಿಕೆಯಾಗಿ ನಿಯಮ ಹೇಳುವ ಅಡ್ಡಪಟ್ಟಿ ಎರಡು. ಕೆಳಗಿನದು 60ರಿಂದ 80 ಸೆಂಟಿಮೀಟರ್ ಎತ್ತರದಲ್ಲಿ. 87ರಿಂದ ಭಾಗಿಸಿದರೆ ಸುಮಾರು 7ರಿಂದ 9 ಮಿಲಿಮೀಟರ್. ಮೇಲಿನದು 100ರಿಂದ 110 ಸೆಂಟಿಮೀಟರ್. ಆಟದ ಡಬ್ಬಿಯಲ್ಲಿ ಸುಮಾರು 12 ಮಿಲಿಮೀಟರ್. ಕಸಬರಿಗೆಯ ಕಡ್ಡಿ ಸಾಕು. ಹಳೆಯ ಸೊಳ್ಳೆಪರದೆಯ ತುಂಡು ಜಾಲರಿಯಾಗುತ್ತದೆ. ಆಕಳಿಗೆ ಬಿಳಿ ಬಣ್ಣ ಬಳಿದು ಕಪ್ಪು ಮಚ್ಚೆ ಇಟ್ಟರೆ ನಮ್ಮ ಬೀದರ್ ಸೀಮೆಯ ದೇವಣಿ ತಳಿಯೇ ಆಯಿತು.

ಈಗ ನಿಮಗೊಂದು ಲೆಕ್ಕ. ಸೇಡಂನಿಂದ ವಾಡಿಗೆ 32 ದೊಡ್ಡ ದನ ಹೊರಟಿವೆ. ಬ್ರಾಡ್‌ಗೇಜ್ ಡಬ್ಬಿ ಎಷ್ಟು ಬೇಕು? ಮೂರು ಡಬ್ಬಿಗೆ 30 ಆಯಿತು. ಉಳಿದ ಎರಡನ್ನು ಅವುಗಳಲ್ಲೇ ತುರುಕಿದರೆ ಒಂದು ಡಬ್ಬಿಯ ಬಾಡಿಗೆ ಉಳಿಯುತ್ತದೆ ಎಂದು ವ್ಯಾಪಾರಿ ಹೇಳಬಹುದು. ನೀವು ಸ್ಟೇಷನ್ ಮಾಸ್ತರ್. ನಾಲ್ಕನೇ ಡಬ್ಬಿ ಜೋಡಿಸಿ, ಹಸಿರು ನಿಶಾನೆ ತೋರಿಸಿ.