ಹೊಲ ಸುಟ್ಟಿದ್ದು ಬಿಸಿಲಿಗಲ್ಲ, ಸುರುಳಿಪೂಚಿಗೆ

ಶೇಂಗಾ ಬೆಳೆಯುವ ಚಳ್ಳಕೆರೆ, ಪಾವಗಡ ಸೀಮೆಯವರಿಗೆ ಸುರುಳಿಪೂಚಿ ಹೊಸದೇನಲ್ಲ. ಆದರೆ ನಾವು ನೋಡೋದು ಅದು ಮಾಡಿದ ಹಾಳನ್ನ, ಅದನ್ನಲ್ಲ. ಮಳೆ ಕೈಕೊಟ್ಟ ಒಂದು ವರ್ಷ ನನ್ನ ಹೊಲ ದೂರಕ್ಕೆ ಬೆಂಕಿ ಬಿದ್ದ ಹಾಗೆ ಕಾಣ್ತಿತ್ತು. ಬಿಸಿಲಿಗೆ ಒಣಗಿದೆ ಅಂತ ಸುಮ್ಮನಿದ್ದೆ. ಕೊನೆಗೆ ಸಾಲ ಮಾಡಿ, ಅಂಗಡಿಯವರು ಕೊಟ್ಟ ಔಷಧಿ ಹೊಡೆದೆ. ಕಾಯಿ ಸಿಗಲಿಲ್ಲ. ಔಷಧಿ ಬಿದ್ದ ಬಳ್ಳಿಯನ್ನು ದನಕ್ಕೆ ಹಾಕಲೂ ಹೆದರಿಕೆ.

ಇದರ ಪತಂಗ ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದ, ಬೂದುಗಂದು ಬಣ್ಣ. ಮುಂದಿನ ರೆಕ್ಕೆಗಳ ಅಂಚಿನಲ್ಲಿ ಒಂದೊಂದು ಬಿಳಿ ಚುಕ್ಕೆ. ಎಲೆಯಡಿಯಲ್ಲಿ ಒಂಟೊಂಟಿಯಾಗಿ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಹೊರಬಂದ ಮರಿ, ಎಲೆಯ ಎರಡು ಪದರದ ನಡುವೆ ಹೊಕ್ಕು ಐದಾರು ದಿನ ಹಸಿರು ತಿನ್ನುತ್ತದೆ. ಆಗ ಎಲೆ ಮೇಲೆ ಸಣ್ಣ ಕಂದು ಗುಳ್ಳೆ ಕಾಣುತ್ತದೆ. ಬೆಳಕಿಗೆ ಹಿಡಿದು ನೋಡಿ, ಒಳಗೆ ಹುಳ ಇರುತ್ತದೆ. ದೊಡ್ಡದಾದ ಮೇಲೆ ಹೊರಬಂದು, ನೂಲು ಬಿಟ್ಟು ಎಲೆ ಮಡಿಸಿ, ಅದರೊಳಗೇ ಕೂತು ಮೇಯುತ್ತದೆ. ಕೋಶ ಆಗೋದೂ ಅಲ್ಲೇ. ಮೊಟ್ಟೆಯಿಂದ ಪತಂಗಕ್ಕೆ ಹೆಚ್ಚುಕಡಿಮೆ ಮೂರು ನಾಲ್ಕು ವಾರ. ಒಂದು ಬೆಳೆಯಲ್ಲೇ ಮೂರು ತಲೆಮಾರು ದಾಟುತ್ತದೆ.

ಹೊಲ ಸುಟ್ಟಂತೆ ಕಾಣುವ ಹೊತ್ತಿಗೆ ಬಹಳಷ್ಟು ಹುಳ ಕೋಶ ಸೇರಿರುತ್ತವೆ. ಮಡಿಕೆಯೊಳಗಿನ ಕೋಶಕ್ಕೆ ಔಷಧಿ ತಾಗಲ್ಲ. ಸಾಯೋದು ಹುಳ ತಿನ್ನುವ ಸಣ್ಣ ಕಣಜಗಳು. ನಾನು ಮಾಡಿದ ತಪ್ಪು ಇದೇ.

ಬಿರುಸು ಮಳೆ ಬಂದರೆ ಇದು ತಾನೇ ತಗ್ಗುತ್ತದೆ. ಮಳೆ ನಿಂತು ಗಿಡ ಬಾಡಿದಾಗಲೇ ಏರುತ್ತದೆ. ಅದಕ್ಕೇ ಬಿಸಿಲಿನ ಕಾಟ, ಹುಳದ ಕಾಟ ಎರಡೂ ಒಂದೇ ಥರ ಕಾಣೋದು.

ಈಗ ನಾನು ಮಾಡೋದು ಇಷ್ಟು. ಮಳೆ ಹದಿನೈದು ದಿನ ತಡೆದರೆ ಹೊಲದ ಐದು ಕಡೆ ಐದೈದು ಗಿಡದ ಎಲೆ ತಿರುವಿ ನೋಡ್ತೀನಿ. ತಿಂಗಳ ಬೆಳೆಯಲ್ಲಿ ಗಿಡಕ್ಕೆ ಸರಾಸರಿ 5 ಜೀವಂತ ಹುಳ ಇದ್ದರೆ ಮಾತ್ರ ಔಷಧಿ ಮಾತು. ಅದಕ್ಕಿಂತ ಕಡಿಮೆ ಇದ್ದಾಗ 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿ ರಾತ್ರಿಯಿಡೀ ನೆನೆಸಿ, ಸೋಸಿ, ಸೋಪಿನ ನೀರು ಸೇರಿಸಿ ಹೊಡೆಯೋದು. ರಾತ್ರಿ ದೀಪದ ಕೆಳಗೆ ನೀರಿನ ತಟ್ಟೆ ಇಟ್ಟರೆ ಪತಂಗ ಬೀಳುತ್ತವೆ, ಯಾವಾಗ ಹೆಚ್ಚಾಯಿತು ಅನ್ನೋದೂ ತಿಳಿಯುತ್ತದೆ. ಶೇಂಗಾ ಮೇಲೆ ಶೇಂಗಾ ಹಾಕಲ್ಲ. ನಡುವೆ ಸಜ್ಜೆಯೋ ರಾಗಿಯೋ ಜೋಳವೋ ಬೆಳೀತೀನಿ. ಸೋಯಾ ಅವರೆ ಮತ್ತು ಬದುವಿನ ಬಾವಂಚಿ ಗಿಡ ಕೂಡ ಈ ಹುಳಕ್ಕೆ ಮೇವು, ಮರೀಬೇಡಿ. ಅಕ್ಕಪಕ್ಕದವರೆಲ್ಲ ಒಂದೇ ಹದಕ್ಕೆ ಬಿತ್ತಿದರೆ ಇನ್ನೂ ಒಳ್ಳೇದು. ತಡವಾದ ಹೊಲಕ್ಕೇ ಇದು ಜಾಸ್ತಿ ಮುತ್ತೋದು.

ಮಳೆ ತರೋದು ನಮ್ಮ ಕೈಲಿಲ್ಲ. ಎಲೆ ತಿರುವಿ ನೋಡೋದು ಇದೆ.