ಮಾರ್ಟಳ್ಳಿಗೂ ಎರಡು ಕಣ್ಣುಗಳಿದ್ದವು

ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘ನೈಂಟೀನ್ ಎಯ್ಟಿಫೋರ್’ ಕಾದಂಬರಿಯಲ್ಲಿ ಗೋಡೆಯ ಪರದೆಯೇ ಪ್ರಜೆಯನ್ನು ಹಗಲಿರುಳು ಕಾಯುತ್ತದೆ. ಇದು ಬರೀ ಕಲ್ಪನೆಯೇ? ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಮಾರ್ಟಳ್ಳಿಯ ಹಿರಿಯರನ್ನು ಕೇಳಿ.

ವೀರಪ್ಪನ್ ಕಾಲದಲ್ಲಿ ಈ ಭಾಗದ ಹಳ್ಳಿಗಳನ್ನು ಎರಡು ಕಣ್ಣುಗಳು ನೋಡುತ್ತಿದ್ದವು. ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಗುಮಾನಿ ಬಂದರೆ ಕಾಡುಗಳ್ಳ ಕೊಲ್ಲುತ್ತಿದ್ದ; ಕಾಡಿಗೆ ಅಕ್ಕಿ ಕೊಟ್ಟನೆಂಬ ಗುಮಾನಿ ಬಂದರೆ ಕಾರ್ಯಪಡೆ ಹಿಡಿದೊಯ್ಯುತ್ತಿತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. ಆ ಮೇಲೆ ಅನೇಕರ ಮೇಲೆ ಟಾಡಾ ಬಿತ್ತು. ಎಸ್ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೇ ಆ ಕಾಯ್ದೆ ಸಾಕ್ಷ್ಯವೆಂದು ಒಪ್ಪುತ್ತಿತ್ತು. 1995ರಲ್ಲಿ ಕಾಯ್ದೆ ಕೊನೆಗೊಂಡರೂ ಮೊಕದ್ದಮೆಗಳು ನಿಲ್ಲಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಹೆಚ್ಚಿನ ಆರೋಪಿಗಳನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಜೈಲಿನಲ್ಲಿ ಕಳೆದುಹೋದ ವರ್ಷಗಳು?

ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ಆಲಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿತು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಳ್ಳನನ್ನು ಹಿಡಿಯಲು ಕಾವಲು ಬೇಕು, ನಿಜ. ಆದರೆ ಕಾಯುವವರನ್ನು ಪ್ರಶ್ನಿಸಲು ಕಾನೂನೂ ಬೇಕು. ಮಕ್ಕಳಿಗೆ ಆರ್ವೆಲ್‌ನನ್ನು ಓದಿಸುವ ತಂದೆತಾಯಿಗಳು ಜೊತೆಗೆ ಮಾರ್ಟಳ್ಳಿಯ ಕಥೆಯನ್ನೂ ಹೇಳಲಿ.